ಜನಾಂಗಹತ್ಯೆಯ ವಿರುದ್ಧ ಮಾತಾಡುವ ಹುಡುಗರಿಗೆ ಮೊದಲು ಏನು ಕಲಿಸಬೇಕು?

ಪ್ರಶ್ನೆ: ನಾನು ಕಲಬುರಗಿಯ ಪದವಿ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ, ಊರು ಶಹಾಪುರದ ಕಡೆ. ನಮ್ಮ ಎನ್‌ಎಸ್‌ಎಸ್ ಹುಡುಗ ಹುಡುಗಿಯರಲ್ಲಿ ಇಪ್ಪತ್ತರಷ್ಟು ಜನ ಗಾಜಾ, ಸುಡಾನ್ ವಿಡಿಯೊ ನೋಡಿ ‘ಮೇಡಂ, ನಾವೂ ಏನರೆ ಮಾಡ್ಬೇಕ್ರಿ’ ಅಂತ ಬಂದರು. ಜನಾಂಗಹತ್ಯೆಯ ವಿರುದ್ಧ ದನಿ ಎತ್ತುವ ಒಂದು ತಂಡ ಕಟ್ಟಿ ತರಬೇತಿ ಕೊಡೋಣ ಅಂದುಕೊಂಡೆ. ವಾಟ್ಸ್‌ಆ್ಯಪ್ ಗುಂಪು ಮಾಡಿ ಎರಡು ವಾರ ಆಗಿಲ್ಲ, ಜಗಳ. ಅದೂ 1948ರಲ್ಲಿ ನಿಜಾಮರ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರುವಾಗ ನಮ್ಮ ಭಾಗದಲ್ಲಿ ನಡೆದ ಹಿಂಸೆಯ ಬಗ್ಗೆ. ಒಬ್ಬ ‘ಮೊದಲ ರಜಾಕಾರರು ಮಾಡಿದ್ದು ಹೇಳ್ರಿ’ ಅಂದ. ಇನ್ನೊಬ್ಬ ‘ಪೊಲೀಸ್ ಆ್ಯಕ್ಷನ್ದಾಗ ನಮ್ಮ ಮಂದಿ ಸತ್ತಿದ್ದು ಯಾರೂ ಹೇಳಂಗಿಲ್ಲ’ ಅಂದ. ಇಬ್ಬರೂ ಗುಂಪು ಬಿಟ್ಟರು. ಮನೆಯಲ್ಲಿ ಅಪ್ಪ, ‘ಕೇಸ್ ಬಿದ್ರ ನೌಕರಿ ಗತಿ ಏನವ್ವ? ಸುಡಾನದಾಗ ಏನಾದ್ರ ನಮಗೇನು?’ ಅಂತಾರೆ. ಸಾಮೂಹಿಕ ಕೊಲೆಯೆಲ್ಲ ಜನಾಂಗಹತ್ಯೆಯೇ? ತರಬೇತಿ ಎಲ್ಲಿಂದ ಶುರು ಮಾಡಬೇಕು? ಕಾನೂನಿನ ತೊಂದರೆ ಎಷ್ಟು? ಕಲಬುರಗಿಯಲ್ಲಿ ಕೂತು ನಿಜಕ್ಕೂ ಏನಾದರೂ ಆಗುತ್ತದೆಯೇ?
— ಹೆಸರು ಬೇಡ, ಕಲಬುರಗಿ

ಉತ್ತರ: ನೀವು ಕೇಳಿರುವುದು ನಾಲ್ಕು ಪ್ರಶ್ನೆ. ಆದರೆ ಪತ್ರದ ತುಂಬ ಇರುವ ಆತಂಕ ಒಂದೇ: ದೂರದ ಸಾವಿಗೆ ಮರುಗಿ ಒಟ್ಟಾದ ಹುಡುಗರು ಹತ್ತಿರದ ಸಾವಿನ ಮಾತು ಬಂದ ಕೂಡಲೇ ಒಡೆದುಹೋದರಲ್ಲ, ಇನ್ನು ಇವರಿಂದ ಏನಾದೀತು? ನಾನು ವಕೀಲ. ಈ ಭಾಗದ ಕಾಲೇಜುಗಳಲ್ಲಿ ಮಾನವ ಹಕ್ಕುಗಳ ಶಿಬಿರ ನಡೆಸುತ್ತ ಬಂದವನು. ನನ್ನನ್ನು ಕೇಳಿದರೆ ಆ ಜಗಳ ಆದದ್ದೇ ಒಳ್ಳೆಯದಾಯಿತು. ಮೂರು ತಿಂಗಳು ಗಾಜಾ, ಸುಡಾನ್ ಅಂತ ಸುತ್ತಾಡಿ ಕೊನೆಗೆ ಬರಬೇಕಾಗಿದ್ದ ಜಾಗಕ್ಕೆ ನಿಮ್ಮ ಹುಡುಗರು ಎರಡೇ ವಾರದಲ್ಲಿ ಬಂದಿದ್ದಾರೆ. ನಿಮ್ಮ ತರಬೇತಿ ಅಲ್ಲಿಂದಲೇ ಶುರುವಾಗಬೇಕು.

ಆದರೆ ಅದಕ್ಕೆ ಮುಂಚೆ ಕಾನೂನು ಸ್ಪಷ್ಟವಾಗಿರಲಿ, ಇಲ್ಲದಿದ್ದರೆ ಚರ್ಚೆ ಬರೀ ಕೂಗಾಟವಾಗುತ್ತದೆ. ಸಾಮೂಹಿಕ ಕೊಲೆಯೆಲ್ಲ ಜನಾಂಗಹತ್ಯೆ ಅಲ್ಲ. 1948ರ ಡಿಸೆಂಬರ್ 9ರಂದು ಪ್ಯಾರಿಸ್ಸಿನಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಒಡಂಬಡಿಕೆ ಹೇಳುವುದಿಷ್ಟು: ರಾಷ್ಟ್ರ, ಬುಡಕಟ್ಟು, ವರ್ಣ ಅಥವಾ ಧರ್ಮದ ನೆಲೆಯ ಒಂದು ಗುಂಪನ್ನು, ಪೂರ್ತಿಯಾಗಲಿ ಭಾಗಶಃವಾಗಲಿ, ಇಲ್ಲವಾಗಿಸುವ ಉದ್ದೇಶದಿಂದ ಮಾಡಿದ ಕೃತ್ಯ ಅದು. ಆ ಗುಂಪಿನವರನ್ನು ಕೊಲ್ಲುವುದು ಒಂದು ಬಗೆ. ದೇಹಕ್ಕೆ, ಮನಸ್ಸಿಗೆ ಗಂಭೀರ ಹಾನಿ ಮಾಡುವುದು, ಬದುಕಿ ಉಳಿಯಲಾಗದ ಸ್ಥಿತಿಗೆ ಬೇಕೆಂದೇ ತಳ್ಳುವುದು, ಹೆರಿಗೆಗಳನ್ನೇ ತಡೆಯುವುದು, ಮಕ್ಕಳನ್ನು ಕಿತ್ತುಕೊಂಡು ಬೇರೆ ಗುಂಪಿಗೆ ಸಾಗಿಸುವುದು ಉಳಿದವು. ಎಲ್ಲದಕ್ಕೂ ಆಧಾರ ಉದ್ದೇಶ. ನ್ಯಾಯಾಲಯದಲ್ಲಿ ಅದನ್ನು ಸಾಬೀತು ಮಾಡುವುದೇ ಅತಿ ಕಷ್ಟದ ಕೆಲಸ.

ಸಾವಿನ ಸಂಖ್ಯೆ ದೊಡ್ಡದಾದರೆ ಜನಾಂಗಹತ್ಯೆ, ಚಿಕ್ಕದಾದರೆ ಅಲ್ಲ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. 1995ರ ಜುಲೈಯಲ್ಲಿ ಬೋಸ್ನಿಯಾದ ಸ್ರೆಬ್ರೆನಿತ್ಸಾದಲ್ಲಿ ಸುಮಾರು 8,000 ಮುಸ್ಲಿಂ ಗಂಡಸರು, ಹುಡುಗರ ಕೊಲೆಯಾಯಿತು. ಅದು ಜನಾಂಗಹತ್ಯೆ ಎಂದು ಅಂತರರಾಷ್ಟ್ರೀಯ ನ್ಯಾಯಾಲಯಗಳು ತೀರ್ಮಾನಿಸಿದವು. ಕಾಂಬೋಡಿಯಾದಲ್ಲಿ 1975ರಿಂದ 1979ರವರೆಗೆ ಖ್ಮೇರ್ ರೂಜ್ ಆಳ್ವಿಕೆಯಲ್ಲಿ ಸತ್ತವರು 15 ಲಕ್ಷಕ್ಕೂ ಹೆಚ್ಚು. ಅಲ್ಲಿನ ವಿಶೇಷ ನ್ಯಾಯಾಲಯ 2018ರಲ್ಲಿ ಜನಾಂಗಹತ್ಯೆ ಎಂದದ್ದು ವಿಯೆಟ್ನಾಮಿಗಳ ಮತ್ತು ಚಾಮ್ ಮುಸ್ಲಿಮರ ಕೊಲೆಯನ್ನು ಮಾತ್ರ. ಉಳಿದ ಲಕ್ಷಾಂತರ ಸಾವು ‘ಮಾನವೀಯತೆಯ ವಿರುದ್ಧದ ಅಪರಾಧ’ದ ಅಡಿಗೆ ಬಂತು.

ಇದನ್ನು ಹೇಳಿದಾಗಲೆಲ್ಲ ಶಿಬಿರದಲ್ಲಿ ಯಾರಾದರೂ ಎದ್ದು ‘ಹಂಗಾದ್ರ ಉಳಿದವರ ಜೀವ ಸಸ್ತಾ ಏನ್ರಿ ಸರ್?’ ಅನ್ನುತ್ತಾರೆ. ಅಲ್ಲ. ಮಾನವೀಯತೆಯ ವಿರುದ್ಧದ ಅಪರಾಧ, ಯುದ್ಧಾಪರಾಧ ಇವು ಜನಾಂಗಹತ್ಯೆಗಿಂತ ಒಂದು ಮೆಟ್ಟಿಲು ಕೆಳಗಿನವಲ್ಲ, ಬೇರೆ ಬಗೆಯವು. ನಮ್ಮ ನೋವಿಗೂ ಅದೇ ಹೆಸರು ಸಿಗಬೇಕು, ಇಲ್ಲದಿದ್ದರೆ ಅದು ನೋವೇ ಅಲ್ಲ ಎಂಬ ಪೈಪೋಟಿ ಈ ಕ್ಷೇತ್ರದ ದೊಡ್ಡ ಕಾಯಿಲೆ. ಇನ್ನೊಂದು ಪ್ರಶ್ನೆಯೂ ನಮ್ಮ ಜಿಲ್ಲೆಗಳಲ್ಲಿ ಖಂಡಿತ ಬರುತ್ತದೆ: ಜಾತಿ? ಒಡಂಬಡಿಕೆಯ ಪಟ್ಟಿಯಲ್ಲಿ ಜಾತಿಯ ಹೆಸರಿಲ್ಲ. ರಾಜಕೀಯ ಗುಂಪುಗಳೂ ಇಲ್ಲ. ಸೋವಿಯತ್ ಒಕ್ಕೂಟ ಮತ್ತು ಇನ್ನು ಕೆಲವು ದೇಶಗಳು ಪಟ್ಟು ಹಿಡಿದು ಅವನ್ನು ಹೊರಗಿಡಿಸಿದವು. ಕಾನೂನನ್ನು ದೇವರ ವಾಕ್ಯದಂತೆ ಓದಬೇಡಿ, ದೇಶಗಳು ಚೌಕಾಸಿ ಮಾಡಿ ಬರೆದ ಕಾಗದ ಅದು ಎಂಬುದೂ ಹುಡುಗರಿಗೆ ತಿಳಿಯಲಿ. ಭಾರತ 1959ರಲ್ಲಿ ಅದನ್ನು ಅನುಮೋದಿಸಿದೆ, ಆದರೆ ಜನಾಂಗಹತ್ಯೆಯನ್ನೇ ಪ್ರತ್ಯೇಕ ಅಪರಾಧವಾಗಿಸುವ ಕಾನೂನು ಮಾಡಿಲ್ಲ. 1984ರ ಸಿಖ್ ವಿರೋಧಿ ಹಿಂಸೆಯ ಪ್ರಕರಣವೊಂದರಲ್ಲಿ ದೆಹಲಿ ಹೈಕೋರ್ಟ್ 2018ರ ಡಿಸೆಂಬರ್‌ನಲ್ಲಿ ಈ ಕೊರತೆಯನ್ನು ತೀರ್ಪಿನಲ್ಲೇ ಎತ್ತಿ ಹೇಳಿತು.

ಗಾಜಾ ವಿಷಯದಲ್ಲಿ ನಿಮ್ಮ ಹುಡುಗರು ಮಾತಾಡುವಾಗ ಯಾರು ಏನು ಹೇಳಿದ್ದಾರೆ ಎಂಬುದನ್ನು ಬೆರೆಸಬಾರದು. ದಕ್ಷಿಣ ಆಫ್ರಿಕಾ ಹೂಡಿದ ಮೊಕದ್ದಮೆಯಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ 2024ರ ಜನವರಿ 26ರಂದು ಇಸ್ರೇಲಿಗೆ ಮಧ್ಯಂತರ ಆದೇಶ ಕೊಟ್ಟಿತು. ಜನಾಂಗಹತ್ಯೆ ನಡೆದಿದೆ ಎಂಬ ತೀರ್ಪು ಅದಲ್ಲ. 2025ರ ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆಯ ತನಿಖಾ ಆಯೋಗ ನಡೆದಿದೆ ಎಂದೇ ಹೇಳಿತು. ಇಸ್ರೇಲ್ ಅದನ್ನು ತಳ್ಳಿಹಾಕಿತು. ಸುಡಾನ್ ವಿಷಯದಲ್ಲಿ, ಅರೆಸೇನಾ ಪಡೆ ಆರ್‌ಎಸ್‌ಎಫ್ ಜನಾಂಗಹತ್ಯೆ ಮಾಡಿದೆ ಎಂದು 2025ರ ಜನವರಿಯಲ್ಲಿ ಹೇಳಿದ್ದು ಅಮೆರಿಕ ಸರ್ಕಾರ, ನ್ಯಾಯಾಲಯವಲ್ಲ. ‘ಆಯೋಗ ಹೀಗೆ ಹೇಳಿದೆ’, ‘ನ್ಯಾಯಾಲಯ ಇಷ್ಟು ಹೇಳಿದೆ’, ‘ನಮ್ಮ ಅಭಿಪ್ರಾಯ ಇದು’ — ಈ ಮೂರನ್ನು ಬಿಡಿಬಿಡಿಯಾಗಿ ಹೇಳಲು ಬಂದರೆ ಅರ್ಧ ತರಬೇತಿ ಮುಗಿದಂತೆ.

ಈಗ ನಿಮ್ಮ ಗುಂಪು ಒಡೆದ ವಿಷಯಕ್ಕೆ ಬರುತ್ತೇನೆ. 1948ರ ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಗೋರ್ಟಾದಲ್ಲಿ ರಜಾಕಾರರು, ಅಂದರೆ ನಿಜಾಮರ ಪರದ ಸಶಸ್ತ್ರ ಪಡೆಯವರು, ಊರಿಗೆ ನುಗ್ಗಿ ಹತ್ಯಾಕಾಂಡ ನಡೆಸಿದರು. ಸತ್ತವರು ಸುಮಾರು 200 ಎಂದು ಆ ಭಾಗದಲ್ಲಿ ಹೇಳುತ್ತ ಬಂದಿದ್ದಾರೆ. ಭಾಲ್ಕಿ ಕಡೆಯ ವರವಟ್ಟಿಯಲ್ಲಿ ರಜಾಕಾರರು ಹಚ್ಚಿದ ಬೆಂಕಿಯಲ್ಲಿ ಮಲ್ಲಿಕಾರ್ಜುನ ಖರ್ಗೆಯವರ ತಾಯಿ ಮತ್ತು ಸಹೋದರಿ ತೀರಿಹೋದರು. ಬಾಲಕ ಖರ್ಗೆ ತಂದೆಯೊಂದಿಗೆ ಪಾರಾಗಿ ಗುಲ್ಬರ್ಗಾ ಸೇರಿದರು. ಸೆಪ್ಟೆಂಬರ್ 13ರಿಂದ 17ರವರೆಗೆ ಪೊಲೀಸ್ ಕಾರ್ಯಾಚರಣೆ ಎಂದು ಕರೆದ ಭಾರತ ಸೇನೆಯ ಕಾರ್ಯಾಚರಣೆ ನಡೆದು ನಿಜಾಮರು ಶರಣಾದರು. ಆಗ ಮತ್ತು ಅದರ ಬೆನ್ನಿಗೇ ಮುಸ್ಲಿಮರ ಮೇಲೆ ಭಾರಿ ಹಿಂಸೆ ನಡೆಯಿತು. ಅದನ್ನು ತಿಳಿಯಲು ನೆಹರೂ ಸರ್ಕಾರ ಕಳಿಸಿದ ಪಂಡಿತ್ ಸುಂದರಲಾಲ್, ಖಾಜಿ ಅಬ್ದುಲ್ ಗಫಾರ್ ಮತ್ತಿತರರ ತಂಡ, ಕಡಿಮೆ ಎಂದರೂ 27,000ದಿಂದ 40,000 ಜನ ಸತ್ತಿರಬಹುದು ಎಂದು ಅಂದಾಜಿಸಿತು. ಅತಿ ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳು ಎಂದು ಅವರು ಹೆಸರಿಸಿದ್ದು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ್. ನಿಮ್ಮ ಶಹಾಪುರ, ಯಾದಗಿರಿ ಎಲ್ಲ ಆಗ ಗುಲ್ಬರ್ಗಾ ಜಿಲ್ಲೆಯೇ. ಆ ವರದಿ ದಶಕಗಟ್ಟಲೆ ಸಾರ್ವಜನಿಕರ ಕೈಗೆ ಸಿಗಲಿಲ್ಲ.

ಸುಂದರಲಾಲ್ ತಂಡ ನಮ್ಮ ಹಳ್ಳಿಗಳಲ್ಲಿ ತಿರುಗುತ್ತಿದ್ದದ್ದು 1948ರ ನವೆಂಬರ್ ಕೊನೆಯಿಂದ ಡಿಸೆಂಬರ್‌ವರೆಗೆ. ಪ್ಯಾರಿಸ್ಸಿನಲ್ಲಿ ಒಡಂಬಡಿಕೆಗೆ ಒಪ್ಪಿಗೆ ಸಿಕ್ಕಿದ್ದೂ ಅದೇ ದಿನಗಳಲ್ಲಿ. ‘ಅದೆಲ್ಲ ವಿದೇಶದ ವಿಷಯ’ ಅನ್ನುವವರಿಗೆ ಇದನ್ನು ಹೇಳಿ.

ಗೋರ್ಟಾ ಆಗಲಿ, ಪೊಲೀಸ್ ಕಾರ್ಯಾಚರಣೆಯ ಹಿಂಸೆಯಾಗಲಿ ಜನಾಂಗಹತ್ಯೆ ಎಂದು ಯಾವ ನ್ಯಾಯಾಲಯವೂ ತೀರ್ಮಾನಿಸಿಲ್ಲ. ಆ ಪಟ್ಟಕ್ಕಾಗಿ ಎರಡು ಗುಂಪು ಕಿತ್ತಾಡುವುದನ್ನು ನೀವು ಬಿಡಿಸಬೇಕಿಲ್ಲ, ಪಕ್ಕಕ್ಕಿಟ್ಟರೆ ಸಾಕು. ಎರಡನ್ನೂ ಒಂದೇ ದಿನ, ಒಂದೇ ಕೋಣೆಯಲ್ಲಿ, ಒಂದೇ ಪ್ರಶ್ನೆಗಳಿಟ್ಟು ಓದಿಸಿ: ಯಾರು ಸಂಘಟಿಸಿದರು, ಆಯುಧ ಎಲ್ಲಿಂದ ಬಂತು, ಅಧಿಕಾರಿಗಳು ಆಗ ಏನು ಮಾಡುತ್ತಿದ್ದರು, ಸತ್ತವರನ್ನು ಏತಕ್ಕೆ ಆರಿಸಿದರು, ಕಾಪಾಡಿದವರು ಯಾರು. ಮೊದಲ ವಾರ ಒಂದು, ಮುಂದಿನ ವಾರ ಇನ್ನೊಂದು ಅಂತ ಮಾಡಿದರೆ ಮೊದಲನೆಯದಕ್ಕೆ ಬಂದವರು ಎರಡನೆಯದಕ್ಕೆ ಬರುವುದಿಲ್ಲ. ಹೇಳುವಾಗ ಕೃತ್ಯ ಮಾಡಿದ ಸಂಘಟನೆಯ, ಪಡೆಯ, ಗುಂಪಿನ ಹೆಸರು ಹೇಳಬೇಕು. ಇಡೀ ಸಮುದಾಯದ ಹೆಸರನ್ನಲ್ಲ. ‘ರಜಾಕಾರರು ಸುಟ್ಟರು’ ಎಂಬುದು ಇತಿಹಾಸ. ‘ಮುಸ್ಲಿಮರು ಸುಟ್ಟರು’, ‘ಹಿಂದೂಗಳು ಕೊಂದರು’ ಎಂದರೆ ಮುಂದಿನ ಗಲಭೆಗೆ ಸಾಮಾನು ಕೊಟ್ಟಂತೆ.

ಸುಂದರಲಾಲ್ ವರದಿಯಲ್ಲಿ ಒಂದು ಭಾಗವಿದೆ, ಜಗಳಕ್ಕೆ ಅದನ್ನು ಎತ್ತಿಕೊಳ್ಳುವವರು ಓದುವುದು ಕಡಿಮೆ. ಹಿಂದೂ ನೇಕಾರರು ಮುಸ್ಲಿಂ ನೇಕಾರರ ಪರ ನಿಂತು, ದಾಳಿ ಮಾಡಲು ಬಂದ ತಮ್ಮದೇ ಧರ್ಮದವರನ್ನು ಎದುರಿಸಿ, ಕೆಲವು ಕಡೆ ಪ್ರಾಣವನ್ನೂ ಕೊಟ್ಟರು ಎಂದು ಅಲ್ಲಿ ಬರೆದಿದ್ದಾರೆ. ಒಂದೇ ಕಸುಬಿನವರ ನಡುವೆ ಆ ನಂಟು ವಿಶೇಷವಾಗಿ ಗಟ್ಟಿಯಿತ್ತಂತೆ. ಎಲ್ಲರೂ ಒಂದೇ ಎಂಬ ಭಾಷಣಕ್ಕಿಂತ ಇದು ಉಪಯುಕ್ತ ಮಾಹಿತಿ. ದಿನಾ ಒಟ್ಟಿಗೆ ದುಡಿಯುವವರನ್ನು ಒಡೆಯುವುದು ಕಷ್ಟ. ನಿಮ್ಮ ತಂಡವೂ ಒಟ್ಟಿಗೆ ಕೂತು ಕೆಲಸ ಮಾಡುವ ತಂಡವಾಗಲಿ, ಬರೀ ವಾಟ್ಸ್‌ಆ್ಯಪ್ ಗುಂಪಾಗಿ ಉಳಿಯದಿರಲಿ.

ಇಂಥದ್ದೆಲ್ಲ ನಡೆಯುವುದು ಹಳೆಯ ದ್ವೇಷ ಒಂದು ದಿನ ತಾನಾಗಿ ಉಕ್ಕಿ ಹರಿಯುವುದರಿಂದ ಎಂಬ ಇನ್ನೊಂದು ನಂಬಿಕೆಯನ್ನೂ ತೆಗೆಯಬೇಕು. ಆಫ್ರಿಕಾದ ರುವಾಂಡಾದಲ್ಲಿ ಹುಟು, ಟುಟ್ಸಿ ಎಂಬ ಎರಡು ಸಮುದಾಯಗಳ ಹೆಸರನ್ನು ಗುರುತಿನ ಚೀಟಿಯಲ್ಲಿ ನಮೂದಿಸುವ ಪದ್ಧತಿ ತಂದವರು 1930ರ ದಶಕದ ಬೆಲ್ಜಿಯನ್ ಆಡಳಿತಗಾರರು. 1994ರಲ್ಲಿ ಹುಟು ಉಗ್ರರ ಪಡೆಗಳು ರಸ್ತೆ ತಡೆದು ಅದೇ ಚೀಟಿ ನೋಡಿ ಟುಟ್ಸಿಗಳನ್ನು ಕೊಂದವು. ಆರ್‌ಟಿಎಲ್‌ಎಂ ರೇಡಿಯೊ 1993ರಿಂದಲೇ ಹಾಡು, ಹಾಸ್ಯದ ನಡುವೆ ಟುಟ್ಸಿಗಳನ್ನು ಜಿರಳೆ ಎನ್ನುತ್ತ ಬಂದಿತ್ತು. ಆ ಉಗ್ರರು ಆಯುಧ ಬಚ್ಚಿಡುತ್ತಿದ್ದಾರೆ ಎಂದು ವಿಶ್ವಸಂಸ್ಥೆಯ ಶಾಂತಿಪಡೆಯ ದಂಡನಾಯಕ ರೋಮಿಯೋ ಡಲೇರ್ 1994ರ ಜನವರಿ 11ರಂದೇ ನ್ಯೂಯಾರ್ಕಿಗೆ ತಂತಿ ಕಳಿಸಿದ್ದರು. ಏಪ್ರಿಲ್‌ನಲ್ಲಿ ಕೊಲೆ ಶುರುವಾದ ಮೇಲೆ ಭದ್ರತಾ ಮಂಡಳಿ ಮಾಡಿದ್ದು ಪಡೆಯನ್ನು 270 ಜನಕ್ಕೆ ಇಳಿಸುವ ನಿರ್ಣಯ! ಸುಮಾರು 100 ದಿನಗಳಲ್ಲಿ ಸತ್ತವರು 8 ಲಕ್ಷದಷ್ಟು. ಇದರಲ್ಲಿ ತಾನಾಗಿ ಆದದ್ದು ಯಾವುದೂ ಇಲ್ಲ. ಚೀಟಿ, ರೇಡಿಯೊ, ಆಯುಧ, ಹೊರಗಿನವರ ಮೌನ, ಒಂದೊಂದೂ ಯಾರೋ ತೆಗೆದುಕೊಂಡ ತೀರ್ಮಾನ.

ಸಿಮೋನ್ ಬಿಕಿಂಡಿ ಎಂಬ ರುವಾಂಡಾದ ಜನಪ್ರಿಯ ಗಾಯಕನ ಪ್ರಕರಣವನ್ನು ನಾನು ಪ್ರತಿ ಶಿಬಿರದಲ್ಲೂ ಹೇಳುತ್ತೇನೆ. ಅವನಿಗೆ 15 ವರ್ಷ ಶಿಕ್ಷೆಯಾದದ್ದು ಯಾರನ್ನೋ ಕೊಂದದ್ದಕ್ಕಲ್ಲ, ಹಾಡಿಗೂ ಅಲ್ಲ. ರಸ್ತೆಯಲ್ಲಿ ವಾಹನದ ಲೌಡ್‌ಸ್ಪೀಕರ್‌ನಲ್ಲಿ ಟುಟ್ಸಿಗಳನ್ನು ಮುಗಿಸಿ ಎಂದು ಕರೆ ಕೊಟ್ಟದ್ದಕ್ಕೆ. ಒಡಂಬಡಿಕೆಯ ಮೂರನೆಯ ವಿಧಿಯಲ್ಲಿ ನೇರ, ಬಹಿರಂಗ ಪ್ರಚೋದನೆಯೇ ಅಪರಾಧ. ಮೆರವಣಿಗೆ, ಡಿಜೆ, ಮೈಕು ಇಲ್ಲದೆ ವರ್ಷ ಕಳೆಯದ ನಮ್ಮೂರಿನ ಹುಡುಗರಿಗೆ ಇದು ಬೇಗ ತಲುಪುತ್ತದೆ. ಕಲಬುರಗಿಯ ಇಪ್ಪತ್ತು ವರ್ಷದವರಿಗೆ ಸುಡಾನ್ ರಾಜಧಾನಿ ಖಾರ್ಟೂಮಿನ ಮೇಲೆ ಇರುವ ಅಧಿಕಾರ ಸೊನ್ನೆ. ತಮ್ಮ ಓಣಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದು ಸಮುದಾಯವನ್ನು ಹುಳ ಎಂದು ಕರೆದಾಗ ‘ಅಣ್ಣಾ, ಇದನ್ನ ತೆಗೀರಿ’ ಎಂದು ಹೇಳುವ ಅಧಿಕಾರ ಸೊನ್ನೆಯಲ್ಲ.

ತರಬೇತಿಯ ಕೋಣೆಯಲ್ಲಿ ಒಂದು ಅಭ್ಯಾಸ ನನಗೆ ಚೆನ್ನಾಗಿ ಫಲ ಕೊಟ್ಟಿದೆ. ಮ್ಯಾನ್ಮಾರ್‌ನ ರೋಹಿಂಗ್ಯಾ, ಇರಾಕಿನ ಯಜೀದಿ, ಸುಡಾನಿನ ದಾರ್‌ಫುರ್ ಪ್ರದೇಶದ ಮಸಾಲಿತ್ ಸಮುದಾಯಗಳು, ಗಾಜಾ, 2023ರ ಅಕ್ಟೋಬರ್ 7ರ ಹಮಾಸ್ ದಾಳಿ ಇವುಗಳ ಸಂಗತಿಗಳನ್ನು ಒಂದೊಂದು ಪುಟಕ್ಕೆ ಇಳಿಸಿ, ದೇಶ, ಧರ್ಮ, ಸಂಘಟನೆಗಳ ಹೆಸರು ಅಳಿಸಿ ಹಂಚುವುದು. ಯಾರು ಯಾರಿಗೆ ಮಾಡಿದರೆಂದು ತಿಳಿಯದೆ ಹುಡುಗರು ಒಡಂಬಡಿಕೆಯ ಮಾತು ಹಿಡಿದು ತೀರ್ಮಾನ ಬರೆಯುತ್ತಾರೆ. ಆಮೇಲೆ ಹೆಸರು ತೋರಿಸಿದಾಗ ಕೆಲವರು ಪೆನ್ನು ಎತ್ತಿ ತಾವು ಬರೆದದ್ದನ್ನು ತಿದ್ದಲು ಹೋಗುತ್ತಾರೆ. ಅಲ್ಲಿ ನಿಲ್ಲಿಸಿ ಮಾತಾಡಿಸಿ. ಅದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಚಿತ್ರ, ವಿಡಿಯೊ ವಿಷಯದಲ್ಲಿ ಕಟ್ಟುನಿಟ್ಟಾಗಿರಿ. 2017ರಲ್ಲಿ ಟರ್ಕಿಯ ಉಪಪ್ರಧಾನಿಯೇ ಬೇರೆಲ್ಲಿಯದೋ ಫೋಟೊಗಳನ್ನು ರೋಹಿಂಗ್ಯಾಗಳದ್ದೆಂದು ಟ್ವೀಟ್ ಮಾಡಿ ಆಮೇಲೆ ಅಳಿಸಬೇಕಾಯಿತು. ಮರುವರ್ಷ ಮ್ಯಾನ್ಮಾರ್ ಸೇನೆ 1971ರ ಬಾಂಗ್ಲಾ ಯುದ್ಧದ ಶವಗಳ ಚಿತ್ರವನ್ನು, ರೋಹಿಂಗ್ಯಾಗಳು ಕೊಂದ ಬೌದ್ಧರು ಎಂದು ಅಚ್ಚು ಹಾಕಿ ಸಿಕ್ಕಿಬಿದ್ದಿತು. ನಿಜವಾದ ಸಂಕಟಕ್ಕೆ ಸುಳ್ಳು ಚಿತ್ರ ಅಂಟಿಸಿದರೆ ಸುಳ್ಳು ಹೊರಬಿದ್ದ ದಿನ ಸಂಕಟವೂ ಸುಳ್ಳೆಂದಾಗುತ್ತದೆ. ಚಿತ್ರವನ್ನು ಗೂಗಲ್ ಲೆನ್ಸ್‌ನಲ್ಲಿ ಹಾಕಿ ಮೊದಲು ಎಲ್ಲಿ, ಯಾವಾಗ ಬಂದಿತ್ತು ಎಂದು ಇಬ್ಬರು ಬೇರೆಬೇರೆಯಾಗಿ ನೋಡದೆ ಯಾವುದೂ ಮುಂದಕ್ಕೆ ಹೋಗಬಾರದು. ಸಂಖ್ಯೆಗೂ ಇದೇ ನಿಯಮ. ದಾರ್‌ಫುರ್‌ಗಾಗಿ ಅಮೆರಿಕದ ವಿದ್ಯಾರ್ಥಿಗಳು ಕಟ್ಟಿದ ಚಳವಳಿ ದೊಡ್ಡದು. ವಿಶ್ವವಿದ್ಯಾಲಯಗಳು ಸುಡಾನ್ ಜತೆ ವ್ಯವಹಾರವಿದ್ದ ಕಂಪನಿಗಳಿಂದ ಹಣ ಹಿಂತೆಗೆಯುವಂತೆ ಮಾಡಿತು. ಆದರೆ 4 ಲಕ್ಷ ಜನ ಸತ್ತಿದ್ದಾರೆ ಎಂಬ ವಿವಾದಿತ ಅಂದಾಜನ್ನೇ ಖಚಿತ ಸತ್ಯವೆಂಬಂತೆ ಜಾಹೀರಾತಿನಲ್ಲಿ ಹಾಕಿದ್ದಕ್ಕೆ 2007ರಲ್ಲಿ ಬ್ರಿಟನ್ನಿನ ಜಾಹೀರಾತು ನಿಯಂತ್ರಣ ಸಂಸ್ಥೆ ಅದೇ ಆಂದೋಲನದ ‘ಸೇವ್ ದಾರ್‌ಫುರ್’ ಒಕ್ಕೂಟದ ಮೇಲೆ ಆಕ್ಷೇಪ ಎತ್ತಿತು.

ಹುಡುಗರ ಮನಸ್ಸಿನ ಕಡೆಗೂ ಗಮನವಿರಲಿ. ರಾತ್ರಿ ಮಲಗುವ ಮುಂಚೆ ಹೆಣಗಳ ವಿಡಿಯೊ ನೋಡುವುದು ಬೇಡ, ನೋಡಲೇಬೇಕಿದ್ದರೆ ದನಿ ತೆಗೆದು, ಹಗಲು, ಇನ್ನೊಬ್ಬರ ಜತೆ. ನಿದ್ದೆ ಕೆಟ್ಟವರನ್ನು ಆ ಕೆಲಸದಿಂದ ಬಿಡಿಸಿ ಬೇರೆ ಕೆಲಸ ಕೊಡಿ, ನಾಚಿಕೆಪಡುವಂತೆ ಮಾಡಬೇಡಿ.

ಇನ್ನು ನೀವು ಆರಿಸಿಕೊಳ್ಳಬಹುದಾದ ದಾರಿಗಳು, ಅಪಾಯಗಳು. ಓದು ಬಳಗಕ್ಕೆ ಅಪಾಯ ಇಲ್ಲವೆಂದೇ ಹೇಳಬೇಕು. ಪ್ರಾಂಶುಪಾಲರಿಗೆ ಬರೆದು ಅನುಮತಿ ಪಡೆಯಿರಿ, ನೀವು ಅತಿಥಿ ಉಪನ್ಯಾಸಕಿ ಆದ್ದರಿಂದ ಬಾಯಿಮಾತಿನ ‘ಆಯ್ತು ಮಾಡ್ರಿ’ ಸಾಲದು. 1948 ಕಂಡ ಹಿರಿಯರ ನೆನಪು ದಾಖಲಿಸುವುದು ಎಲ್ಲಕ್ಕಿಂತ ಬೆಲೆಯುಳ್ಳ ಕೆಲಸ, ಅಷ್ಟೇ ಸೂಕ್ಷ್ಮ. ಅವರೆಲ್ಲ ಎಂಬತ್ತು ದಾಟಿದವರು, ತಡಮಾಡಿದರೆ ಸಿಗುವುದಿಲ್ಲ. ಒಪ್ಪಿಗೆ ಇಲ್ಲದೆ ಧ್ವನಿಮುದ್ರಣ ಬೇಡ, ಇಂಥ ಮನೆಯವ ಕೊಂದ ಎಂಬ ಮಾತು ಬಂದರೆ ಆ ಹೆಸರು ಹೊರಗೆ ಬರಬಾರದು, ಏಕೆಂದರೆ ಆ ಮನೆಯ ಮೊಮ್ಮಕ್ಕಳು ಅದೇ ಊರಲ್ಲಿದ್ದಾರೆ. ಎರಡು ಸಮುದಾಯದ ಇಬ್ಬರು ಹುಡುಗರು ಜತೆಯಾಗಿ ಹೋಗಲಿ. ಹೆಣ್ಣುಮಕ್ಕಳ ಮೇಲೆ ಆದದ್ದನ್ನು ಕೆದಕಿ ಕೇಳಬಾರದು. ಹೇಳಿದರೆ ಕೇಳಿಸಿಕೊಳ್ಳಬೇಕು, ಅಷ್ಟೇ.

ಬೀದಿ ಪ್ರತಿಭಟನೆ ಹಕ್ಕು, ನಿಜ. ಕಲಬುರಗಿ ನಗರದಲ್ಲಿ ಪೊಲೀಸ್ ಕಮಿಷನರ್ ಕಚೇರಿಯಿಂದ, ಬೀದರ್, ಯಾದಗಿರಿಯಲ್ಲಾದರೆ ಸ್ಥಳೀಯ ಪೊಲೀಸರಿಂದ ಲಿಖಿತ ಅನುಮತಿ ಇರಲಿ. ನಿಷೇಧಾಜ್ಞೆ ಇದ್ದರೆ, ಅಂದರೆ ಹಳೆಯ 144, ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 163, ಅಂದು ಹೊರಡಬೇಡಿ. ನಿಮ್ಮ ತಂದೆಯವರ ಭಯ ಇಲ್ಲಿ ಪೊಳ್ಳಲ್ಲ: ಎಫ್‌ಐಆರ್ ಒಂದಿದ್ದರೆ ಪಾಸ್‌ಪೋರ್ಟ್‌ಗೂ ಸರ್ಕಾರಿ ನೌಕರಿಯ ಪೊಲೀಸ್ ಪರಿಶೀಲನೆಗೂ ವರ್ಷಗಟ್ಟಲೆ ತೊಡಕು. ಕೆಪಿಎಸ್‌ಸಿ ಪರೀಕ್ಷೆಗೆ ಓದುತ್ತಿರುವ ಹುಡುಗನನ್ನು ಮೈಕು ಹಿಡಿಯಲು ಮುಂದೆ ನಿಲ್ಲಿಸುವ ಮುನ್ನ ಇದನ್ನು ಅವನಿಗೆ ಹೇಳಿರಬೇಕು. ಆಮೇಲೆ ತೀರ್ಮಾನ ಅವನದು. ಸಾಮಾಜಿಕ ಜಾಲತಾಣದಲ್ಲಿ ಭಾರತೀಯ ನ್ಯಾಯ ಸಂಹಿತೆಯ 196 ಮತ್ತು 353ನೇ ಕಲಂಗಳು, ಅಂದರೆ ಸಮುದಾಯಗಳ ನಡುವೆ ದ್ವೇಷ ಬಿತ್ತುವುದು ಮತ್ತು ಸುಳ್ಳು ವದಂತಿ, ಇವನ್ನು ಗೋಡೆಗೆ ಅಂಟಿಸಿಡಿ. ಗುಂಪಿನ ಸದಸ್ಯ ಹಾಕಿದ್ದಕ್ಕೆ ಅಡ್ಮಿನ್ ತಾನಾಗಿ ಹೊಣೆಯಲ್ಲ ಎಂದು ಕೇರಳ ಹೈಕೋರ್ಟ್ 2022ರಲ್ಲಿ ಹೇಳಿದೆ. ಆದರೂ ಠಾಣೆಗೆ ಕರೆಯುವುದು ತಪ್ಪೀತೆಂದು ನಂಬಬೇಡಿ. ವಿದೇಶದಿಂದ ಯಾರಾದರೂ ಹಣ ಕೊಡುತ್ತೇವೆ ಅಂದರೆ ಬೇಡ ಅನ್ನಿ, ನೋಂದಣಿಯಿಲ್ಲದೆ ಪಡೆದರೆ ವಿದೇಶಿ ದೇಣಿಗೆ ಕಾನೂನಿನಡಿ ಅಪರಾಧ.

‘ಸುಡಾನದಾಗ ಏನಾದ್ರ ನಮಗೇನು’ ಎಂಬ ತಂದೆಯವರ ಮಾತಿಗೆ ನನ್ನಲ್ಲಿರುವ ಉತ್ತರ ಗ್ಯಾಂಬಿಯಾ. ಪಶ್ಚಿಮ ಆಫ್ರಿಕಾದ ಪುಟ್ಟ ದೇಶ, ಜನಸಂಖ್ಯೆ ಹೆಚ್ಚುಕಡಿಮೆ ನಮ್ಮ ಕಲಬುರಗಿ ಜಿಲ್ಲೆಯಷ್ಟು. ಅದರ ನ್ಯಾಯಮಂತ್ರಿ ಅಬುಬಕರ್ ತಂಬಾಡು 2018ರಲ್ಲಿ ಬಾಂಗ್ಲಾದ ಕಾಕ್ಸ್ ಬಜಾರಿನ ರೋಹಿಂಗ್ಯಾ ಶಿಬಿರಕ್ಕೆ ಹೋದರು. ಮೊದಲು ರುವಾಂಡಾ ನ್ಯಾಯಮಂಡಳಿಯಲ್ಲಿ ಕೆಲಸ ಮಾಡಿದ್ದವರಾದ್ದರಿಂದ ಕೇಳಿದ ಕತೆಗಳಲ್ಲಿ ಗುರುತು ಸಿಕ್ಕಿತು. 2019ರಲ್ಲಿ ಗ್ಯಾಂಬಿಯಾ ಮ್ಯಾನ್ಮಾರ್ ವಿರುದ್ಧ ಹೇಗ್‌ನಲ್ಲಿ ಮೊಕದ್ದಮೆ ಹೂಡಿತು, 2020ರ ಜನವರಿಯಲ್ಲಿ ಮಧ್ಯಂತರ ಆದೇಶ ಬಂತು. ಆದರೆ ಆದೇಶದಿಂದ ರೋಹಿಂಗ್ಯಾಗಳು ಊರಿಗೆ ಮರಳಲಿಲ್ಲ, ಇದನ್ನೂ ಹುಡುಗರಿಗೆ ಹೇಳಬೇಕು. ಈ ಕೆಲಸದ ವೇಗವೇ ಅಂಥದ್ದು. ಅಮೆರಿಕ ಒಡಂಬಡಿಕೆಯನ್ನು ಅನುಮೋದಿಸಲಿ ಎಂದು ಸೆನೆಟರ್ ವಿಲಿಯಂ ಪ್ರಾಕ್ಸ್‌ಮೈರ್ 1967ರಿಂದ 1986ರವರೆಗೆ ಸದನ ಸೇರಿದ ದಿನವೆಲ್ಲ ಎದ್ದು ಮಾತಾಡಿದರು, ಒಟ್ಟು 3,211 ಭಾಷಣ. ಅನುಮೋದನೆಯ ವಿಧಿಯೆಲ್ಲ ಮುಗಿದದ್ದು 1988ರಲ್ಲಿ. ಇನ್‌ಸ್ಟಾಗ್ರಾಮ್‌ನಲ್ಲಿ ಎರಡು ದಿನಕ್ಕೆ ಲೈಕ್ ಬರಲಿಲ್ಲ ಎಂದು ಬೇಸರಿಸುವವರಿಗೆ ಈ ಲೆಕ್ಕ ಕೊಡಿ.

ಮೊದಲ ಹೆಜ್ಜೆಯಾಗಿ ಗುಂಪು ಬಿಟ್ಟ ಆ ಇಬ್ಬರ ಮನೆಗೆ ನೀವೇ ಹೋಗಿ ಬನ್ನಿ, ಮೆಸೇಜ್ ಸಾಲದು. 1948ರ ಓದಿಗೆ ಟಿಪ್ಪಣಿ ತಯಾರಿಸುವ ಕೆಲಸವನ್ನು ಅವರಿಬ್ಬರಿಗೇ ಒಪ್ಪಿಸಿ, ಒಬ್ಬರದನ್ನು ಇನ್ನೊಬ್ಬರು ತಿದ್ದಲಿ. ಮೂರು ತಿಂಗಳ ಓದಿನ ಕೊನೆಗೆ ಸುಡಾನ್ ಬಗ್ಗೆ ಒಂದೇ ಪುಟದ ಮನವಿ ಬರೆಯಿಸಿ: ಭಾರತ ಸರ್ಕಾರ ವಿಶ್ವಸಂಸ್ಥೆಯಲ್ಲಿ ಏನು ಕೇಳಬೇಕು ಎಂಬ ಒಂದೇ ಬೇಡಿಕೆ, ಪ್ರತಿ ಸಂಗತಿಗೂ ಎಲ್ಲಿಂದ ಸಿಕ್ಕಿತು ಎಂಬ ನಮೂದು. ಜಿಲ್ಲಾಧಿಕಾರಿ ಮೂಲಕ ರಾಷ್ಟ್ರಪತಿಗೆ ಒಂದು, ನಿಮ್ಮ ಸಂಸದರಿಗೆ ಒಂದು ಪ್ರತಿ. ಸಂಸದರು ಅದನ್ನು ಲೋಕಸಭೆಯಲ್ಲಿ ಪ್ರಶ್ನೆಯಾಗಿ ಕೇಳಬಹುದು, ಹಾಗೆ ಕೇಳಿ ಎಂದು ಮನವಿಯಲ್ಲೇ ಬರೆಯಿರಿ. ಫೋಟೊ ತೆಗೆಸಿಕೊಂಡು ಬಂದುಬಿಡಬೇಡಿ. ಟಪಾಲು ವಿಭಾಗಕ್ಕೆ ಹೋಗಿ ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮೊಹರು, ದಿನಾಂಕ ಹಾಕಿಸಿಕೊಳ್ಳಿ. ತಿಂಗಳಾದ ಮೇಲೆ ಏನಾಯಿತೆಂದು ಕೇಳಲು ಹೋಗುವಾಗ ಅದೇ ಬೇಕಾಗುತ್ತದೆ.